ಮಳೆ ಲೆಕ್ಕ, ಪಹಣಿ ಲೆಕ್ಕ

"ಅಜ್ಜಯ್ಯ, ಸರ್ಕಾರದವ್ರು ನಿಮಗೆ ಎಂತಕ್ಕೆ ದುಡ್ಡು ಹಾಕಿದ್ದು?"

ಮೊಬೈಲ್ ಹಿಡಿದುಕೊಂಡು ಜಗಲಿಗೆ ಓಡಿ ಬಂದ ಮೊಮ್ಮಗಳ ಪ್ರಶ್ನೆ. ಏಳನೇ ಕ್ಲಾಸಿನವಳು. ಬ್ಯಾಂಕಿನಿಂದ ಬಂದ ಮೆಸೇಜು ನನಗಿಂತ ಮೊದಲು ಅವಳೇ ಓದುತ್ತಾಳೆ. 6,829 ರೂಪಾಯಿ ಜಮೆಯಾಗಿತ್ತು.

"ಮಳೆಗೆ ಅಡಿಕೆ ಕೊಳೆತು ಉದುರಿತಲ್ಲ, ಅದಕ್ಕೆ ಪರಿಹಾರ" ಅಂದೆ.

"ಹಂಗಾದ್ರೆ ಆ ಕೊಳೆ ಅಡಿಕೆ ಸರ್ಕಾರ ತಗೊಂಡಿತಾ? ತಗೊಳ್ಳದೆ ಇದ್ರೆ ದುಡ್ಡು ಯಾಕೆ ಕೊಟ್ಟಿತು? ಮತ್ತೆ ಆರು ಸಾವಿರದ ಎಂಟುನೂರ ಇಪ್ಪತ್ತೊಂಬತ್ತೇ ಯಾಕೆ? ಏಳು ಸಾವಿರ ಯಾಕಲ್ಲ?"

ನಾನು ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಮಳೆಗಾಲ ಮುಗಿಯುತ್ತಿದ್ದಂತೆ ಅಕ್ಕಪಕ್ಕದವರ ಅರ್ಜಿ ಬರೆದುಕೊಡುವುದೇ ಕೆಲಸವಾಗಿದೆ. ಆದರೂ ಈ ಮೂರು ಪ್ರಶ್ನೆಗೆ ಪೂರ್ತಿ ಉತ್ತರ ಹೇಳುವುದಕ್ಕೆ ನನಗೆ ಒಂದು ವಾರದ ಸಂಜೆಗಳು ಬೇಕಾದವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಓದಲಿ, ಓದಿ ಮನೆಯ ಅಜ್ಜ ಅಜ್ಜಿಯರಿಗೆ ಹೇಳಲಿ. ಯಾಕೆಂದರೆ ಪಹಣಿ ಇರುವುದು ಅವರ ಹೆಸರಲ್ಲಿ, ಮೊಬೈಲ್ ಇರುವುದು ನಿಮ್ಮ ಕೈಯಲ್ಲಿ.

ಮೊದಲು ಮಳೆಯ ಸುದ್ದಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮೇಗರವಳ್ಳಿ ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಏಳು ಸಾವಿರ ಮಿಲಿಮೀಟರ್ ಆಸುಪಾಸು. ಬೆಂಗಳೂರಿನಲ್ಲಿ ಒಂದು ಸಾವಿರದ ಹತ್ತಿರ. ಏಳು ಸಾವಿರ ಮಿಲಿಮೀಟರ್ ಅಂದರೆ ಏಳು ಮೀಟರ್. ಅಷ್ಟೂ ನೀರು ಹರಿದು ಹೋಗದೆ ನಿಂತಿದ್ದರೆ ನಮ್ಮ ಹೆಂಚಿನ ಮನೆಯ ಮಾಡು ಕಾಣಿಸುತ್ತಿರಲಿಲ್ಲ. ಆದರೆ ಹೆಚ್ಚು ಮಳೆ ಅನ್ನುವುದೇ ನಮಗೆ ವಿಪತ್ತಲ್ಲ. ತೋಟ, ಗದ್ದೆ, ಹಳ್ಳ ಎಲ್ಲವೂ ಆ ಮಳೆಗೆ ಹೊಂದಿಕೊಂಡೇ ಇವೆ. ಕಷ್ಟ ಬರುವುದು ಹೊಳವು ಕೊಡದೆ ಹೊಯ್ದಾಗ. ಹೊಳವು ಅಂದರೆ ಮಳೆಯ ನಡುವೆ ಆಕಾಶ ತಿಳಿಯಾಗಿ ಒಂದಿಷ್ಟು ಬಿಸಿಲು ಬೀಳುವುದು. ಪುಷ್ಯ, ಆಶ್ಲೇಷ ಮಳೆಗಳು ಎಡೆಬಿಡದೆ ಹಿಡಿದುಕೊಂಡರೆ ಅಡಿಕೆ ಕೊನೆಗೆ ಕೊಳೆರೋಗ ಬರುತ್ತದೆ. ಫೈಟಾಫ್ತೊರಾ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಅದಕ್ಕೆ ಕಾರಣ. ಒದ್ದೆ ಇದ್ದಷ್ಟೂ ಅದಕ್ಕೆ ಹಬ್ಬ. ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರು ಹಿಡಿದಂತೆ ಕಲೆ ಬೀಳುತ್ತದೆ, ಆಮೇಲೆ ಬಿಳಿ ಬೂಸಲು, ಆಮೇಲೆ ಟಪ್ ಟಪ್ ಅಂತ ಉದುರುವ ಸದ್ದು. ರಾತ್ರಿ ಮಲಗಿದಾಗ ಆ ಸದ್ದು ಕೇಳಿಸಿದರೆ ತೋಟದವರಿಗೆ ನಿದ್ದೆ ಬರುವುದಿಲ್ಲ.

ನೂರು ವರ್ಷದ ಹಿಂದೆ ಕೊಳೆಗೆ ಔಷಧಿ ಇರಲಿಲ್ಲ. ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಹುಲ್ಲಿನಿಂದ ಟೋಪಿಯಂತೆ ಹೆಣೆದು ಪ್ರತಿ ಗೊನೆಗೂ ತೊಡಿಸುವುದು. ಮರ ಎಷ್ಟಿವೆಯೋ ಅಷ್ಟು ಮರ ಹತ್ತಬೇಕು! 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿದರು. 1910ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಬೋರ್ಡೋ ದ್ರಾವಣ ಹೊಡೆದರೆ ಕೊಳೆ ತಡೆಯಬಹುದು ಅಂತ ತೋರಿಸಿಕೊಟ್ಟವರು ಅವರೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸ್ ದೇಶದ ಬೋರ್ಡೋದಲ್ಲಿ ದ್ರಾಕ್ಷಿ ತೋಟಕ್ಕೆ ಹೊಡೆಯುತ್ತಿದ್ದ ಮದ್ದು ನಮ್ಮ ಅಡಿಕೆ ಮರ ಏರಿದ್ದು ಹೀಗೆ. ದ್ರಾವಣ ಸರಿಯಾಗಿದೆಯೇ ಅಂತ ನೋಡಲು ಕಬ್ಬಿಣದ ಚೂರಿ ಅದ್ದುತ್ತಾರೆ. ಚೂರಿಯ ಮೇಲೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಮಕ್ಕಳೇ, ಮುಂದಿನ ಸಲ ದೊಡ್ಡವರು ಮದ್ದು ಕಲಸುವಾಗ ದೂರ ನಿಂತು ನೋಡಿ. ವಿಜ್ಞಾನ ಪುಸ್ತಕದ ಪ್ರಯೋಗವೇ ಅದು.

ನನ್ನ ಮಟ್ಟಿಗೆ ಸರ್ಕಾರ ಅಡಿಕೆ ರೈತನಿಗೆ ಕೊಟ್ಟ ಎಲ್ಲಕ್ಕಿಂತ ದೊಡ್ಡ ಪರಿಹಾರ ಇದು. ಕಳೆದುಕೊಂಡ ಮೇಲೆ ಕೊಟ್ಟದ್ದಲ್ಲ, ಕಳೆದುಕೊಳ್ಳದ ಹಾಗೆ ಕೊಟ್ಟದ್ದು. ಆದರೆ ಮದ್ದು ಹೊಡೆಯಲಿಕ್ಕೂ ಹೊಳವು ಬೇಕು. ಕೊನೆ ಒಣಗದೆ ಮದ್ದು ಅಂಟುವುದಿಲ್ಲ. ಜಾರುವ ಮರ ಹತ್ತು ಅಂತ ಯಾರಿಗೂ ಹೇಳುವ ಹಾಗಿಲ್ಲ. 2013ರಲ್ಲಿ, 2018ರಲ್ಲಿ, 2019ರಲ್ಲಿ ಹೀಗೇ ಆಯಿತು. ಆಗ ಉಳಿಯುವುದು ಪರಿಹಾರದ ಅರ್ಜಿ.

ಮಳೆ ಕೆಟ್ಟಾಗ ಸರ್ಕಾರ ನೋಡಬೇಕು ಅನ್ನುವುದು ಹೊಸ ಮಾತಲ್ಲ. ನನ್ನ ಅಜ್ಜನ ಕಾಲದಲ್ಲಿ ಬೆಳೆ ಹೋದರೆ ಕಂದಾಯ ವಜಾ ಮಾಡಿ ಅಂತ ಕೇಳುತ್ತಿದ್ದರು. ಬೀಜಕ್ಕೆ, ಎತ್ತಿಗೆ ತಕಾವಿ ಸಾಲ ಸಿಗುತ್ತಿತ್ತು. ತಕಾವಿ ಅನ್ನುವುದು ಅರಬ್ಬಿಯಿಂದ ಬಂದ ಮಾತು, ಬಲ ತುಂಬುವುದು ಅಂತ ಅರ್ಥ. ಆದರೆ ಅದು ಸಾಲ, ತೀರಿಸಲೇಬೇಕು. ಈಗ ಬರುವುದು ಸಾಲವಲ್ಲ. 2005ರಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರಂತೆ ಪ್ರತಿ ರಾಜ್ಯದಲ್ಲೂ ವಿಪತ್ತು ಸ್ಪಂದನಾ ನಿಧಿ ಎಂಬ ಹುಂಡಿ ಇದೆ. ಕರ್ನಾಟಕದ ಹುಂಡಿಗೆ ನೂರು ರೂಪಾಯಿ ಬಿದ್ದರೆ ಅದರಲ್ಲಿ 75 ಕೇಂದ್ರದ್ದು, 25 ರಾಜ್ಯದ್ದು. ಅಲ್ಲಿ ಸಾಲದೆ ಹೋದರೆ ದೆಹಲಿಯ ರಾಷ್ಟ್ರೀಯ ನಿಧಿಯಿಂದ ಕೇಳಬೇಕು. ಆ ಕೇಳುವುದೂ ಸುಲಭದ್ದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ರಾಜ್ಯ ಕೇಳಿದ್ದು 18,171 ಕೋಟಿ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ.

ಇನ್ನು ಯಾವುದು ವಿಪತ್ತು? ಕೇಂದ್ರದ ಪಟ್ಟಿಯಲ್ಲಿ ಹನ್ನೆರಡು ಹೆಸರಿವೆ: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಪಟ್ಟಿ ಓದಿ ಮೊಮ್ಮಗಳು ಕೇಳಿದಳು, "ಇದರಲ್ಲಿ ಎಲೆಚುಕ್ಕಿ ರೋಗ ಎಲ್ಲಿದೆ?" ಎಲ್ಲಿಯೂ ಇಲ್ಲ. ಕೀಟ ಇದೆ, ರೋಗ ಇಲ್ಲ. ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳ ಸೋಗೆಯನ್ನು ಸುಟ್ಟ ಹಾಗೆ ಮಾಡಿರುವ ಎಲೆಚುಕ್ಕಿ ನಮಗೆ ಸುನಾಮಿಗಿಂತ ಹತ್ತಿರದ್ದು. ಆದರೆ ಪಟ್ಟಿ ಬರೆದದ್ದು ಮೇಗರವಳ್ಳಿಯಲ್ಲಿ ಕೂತಲ್ಲವಲ್ಲ.

ಈಗ ಅವಳ 6,829ರ ಲೆಕ್ಕ. ಪೆನ್ಸಿಲ್ ತಗೊಳ್ಳಿ. 2022ರಿಂದ ಜಾರಿಯಲ್ಲಿರುವ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಎಷ್ಟೇ ಜಮೀನಿದ್ದರೂ ಎರಡು ಹೆಕ್ಟೇರಿಗೆ ಮಾತ್ರ. ಒಂದು ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ ಎರಡು ಎಕರೆ ಹತ್ತೊಂಬತ್ತು ಗುಂಟೆ. ಗುಂಟೆಗೆ ಇಳಿಸಿದರೆ ಅಡಿಕೆಗೆ ಸಿಗುವುದು ಸುಮಾರು 228 ರೂಪಾಯಿ. ನಮ್ಮದು 30 ಗುಂಟೆ. ಗುಣಿಸಿ ನೋಡಿ, ಆ ಅಂಕಿಯ ಹತ್ತಿರವೇ ಬರುತ್ತದೆ.

ರಾಜ್ಯ ಸರ್ಕಾರ ಕೆಲವು ಸಲ ತನ್ನ ಕೈಯಿಂದ ಹೆಚ್ಚು ಸೇರಿಸುತ್ತದೆ. 2021ರ ಕೊನೆಗೆ ಬಹುವಾರ್ಷಿಕ ಬೆಳೆಗೆ ಆಗಿನ 18,000 ಇದ್ದದ್ದನ್ನು 28,000 ಮಾಡಿತ್ತು. 2025ರ ಮುಂಗಾರಿನ ಹಾನಿಗೆ ಎಲ್ಲ ಬೆಳೆಗೂ ಹೆಕ್ಟೇರಿಗೆ 8,500 ಸೇರಿಸುವುದಾಗಿ ಘೋಷಿಸಿತು. ಅಂದರೆ ಅಡಿಕೆಗೆ 31,000.

ಇದಕ್ಕೊಂದು ಪಾಸ್ ಮಾರ್ಕು ಇದೆ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕು. ಮೊದಲು ಇದು ಶೇ 50 ಇತ್ತು, 2015ರಲ್ಲಿ ಇಳಿಸಿದರು. ಮೂರರಲ್ಲಿ ಒಂದು ಪಾಲು ಹೋದವನು ಪಾಸು. ಶೇ 30 ಹೋದವನು ಫೇಲು, ಅವನಿಗೆ ಸೊನ್ನೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರು ಖುಷಿಪಡುತ್ತಾರೆ, ಇಲ್ಲಿ ಹೆಚ್ಚು ಬಂದವರ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ.

ಆಮೇಲೆ, ಇದು ಬೆಳೆಯ ಬೆಲೆಯಲ್ಲ. ಈಚಿನ ವರ್ಷಗಳಲ್ಲಿ ಒಂದು ಕ್ವಿಂಟಲ್ ರಾಶಿ ಅಡಿಕೆ 45 ಸಾವಿರದ ಮೇಲೇ ಮಾರಿದೆ. ಮೂವತ್ತು ಗುಂಟೆಯಲ್ಲಿ ಒಂದೇ ಕ್ವಿಂಟಲ್ ಹೋದರೂ 6,829 ಯಾವ ಮೂಲೆಗೆ? ಕಾಗದದಲ್ಲಿ ಇದರ ಹೆಸರು 'ಇನ್‌ಪುಟ್ ಸಬ್ಸಿಡಿ'. ಮತ್ತೆ ಗೊಬ್ಬರ, ಮದ್ದು ತಂದು ಮುಂದಿನ ಬೆಳೆಗೆ ಕೈಹಾಕು ಅಂತ ಕೊಡುವ ದುಡ್ಡು. ಆದ್ದರಿಂದ ಸರ್ಕಾರ ಕೊಳೆ ಅಡಿಕೆ ಕೊಂಡುಕೊಳ್ಳಲಿಲ್ಲ ಪುಟ್ಟಿ, ಮುಂದಿನ ವರ್ಷದ ಮೈಲುತುತ್ತಕ್ಕೆ ಸ್ವಲ್ಪ ಕೈಜೋಡಿಸಿತು.

ಸಣ್ಣದಾದರೂ ಈ ದುಡ್ಡು ಬೇಕಾದವರಿಗೆ ತಲುಪುತ್ತದೆಯೇ ಅನ್ನುವುದೇ ನನ್ನನ್ನು ಕಾಡುವ ವಿಷಯ. ಮಳೆ ಹಾನಿಯಾದ ಮೇಲೆ ಜಿಲ್ಲಾಧಿಕಾರಿ ಜಂಟಿ ಸಮೀಕ್ಷೆಗೆ ಆದೇಶ ಮಾಡುತ್ತಾರೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಬಂದು ನೋಡಿ, ಸರ್ವೆ ನಂಬರ್‌ವಾರು ವಿವರವನ್ನು 'ಪರಿಹಾರ' ಎಂಬ ತಂತ್ರಾಂಶಕ್ಕೆ ಹಾಕುತ್ತಾರೆ. ಆ ತಂತ್ರಾಂಶ ಮೂರು ಕಡೆ ಇಣುಕುತ್ತದೆ. 'ಭೂಮಿ'ಯಲ್ಲಿ ಪಹಣಿ ಯಾರ ಹೆಸರಿನಲ್ಲಿದೆ, ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ ದಾಖಲಾಗಿದೆ, 'ಫ್ರೂಟ್ಸ್'ನಲ್ಲಿ ಆ ರೈತನ ಗುರುತಿನ ಸಂಖ್ಯೆಗೆ ಆ ಸರ್ವೆ ನಂಬರ್ ಸೇರಿದೆಯೇ. ಮೂರೂ ಹೊಂದಿದರೆ ದುಡ್ಡು ನೇರ ಆಧಾರ್ ಜೋಡಣೆಯಾದ ಖಾತೆಗೆ. ನಡುವೆ ಯಾರ ಕೈಗೂ ಹೋಗುವುದಿಲ್ಲ, ಅದು ಒಳ್ಳೆಯದೇ. ಆದರೆ ಯಂತ್ರಕ್ಕೆ ತೋಟದಲ್ಲಿ ದುಡಿಯುವವರು ಕಾಣಿಸುವುದಿಲ್ಲ, ಕಾಗದದಲ್ಲಿರುವ ಹೆಸರು ಮಾತ್ರ ಕಾಣಿಸುತ್ತದೆ.

ಕಾಳುಮೆಣಸನ್ನೇ ನೋಡಿ. ನಮ್ಮಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು ಎಲ್ಲರ ಮನೆಯ ಪದ್ಧತಿ. ಆದರೆ ಬೆಳೆ ಸಮೀಕ್ಷೆಯಲ್ಲಿ 'ಅಡಿಕೆ' ಅಂತ ಒಂದೇ ಬರೆಸಿದರೆ, ಸೊರಗು ರೋಗಕ್ಕೋ ನೀರು ನಿಂತೋ ಬಳ್ಳಿ ಸತ್ತರೆ ಲೆಕ್ಕಕ್ಕೇ ಬರುವುದಿಲ್ಲ. ಯಾಕೆಂದರೆ ಸರ್ಕಾರದ ಪ್ರಕಾರ ಅಲ್ಲಿ ಬಳ್ಳಿಯೇ ಇರಲಿಲ್ಲ! 2020ರಿಂದ ರೈತರೇ ಮೊಬೈಲ್ ಆ್ಯಪಿನಲ್ಲಿ ಬೆಳೆ ದಾಖಲು ಮಾಡಬಹುದು. ಮಿಶ್ರ ಬೆಳೆ ಸೇರಿಸುವ ಜಾಗ ಅದರಲ್ಲಿದೆ. ಅಜ್ಜನ ಜೊತೆ ತೋಟದ ಮೂಲೆ ಮೂಲೆ ಸುತ್ತಿ ಫೋಟೊ ಹಾಕುವ ಈ ಕೆಲಸ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಅಜ್ಜನಿಗೆ ಗಡಿಕಲ್ಲು ಎಲ್ಲಿದೆ ಅಂತ ಗೊತ್ತು, ಮೊಮ್ಮಕ್ಕಳಿಗೆ ಬಟನ್ ಎಲ್ಲಿದೆ ಅಂತ ಗೊತ್ತು.

ಕೊಳೆಗೆ ಇನ್ನೊಂದು ತೊಡಕು. ಪ್ರವಾಹ ಬಂದ ಗದ್ದೆ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಕೊಳೆ ಬಂದ ತೋಟ ದೂರದಿಂದ ಹಸಿರಾಗಿಯೇ ಇರುತ್ತದೆ. ಉದುರಿದ ಕಾಯಿ ಮಳೆ ನೀರಿಗೆ ಕೊಚ್ಚಿಹೋಗುತ್ತದೆ, ಇಲ್ಲವೆ ರೋಗ ಹರಡೀತು ಅಂತ ನಾವೇ ಹೆಕ್ಕಿ ಹೊರಹಾಕುತ್ತೇವೆ. ಸಮೀಕ್ಷೆಯವರು ಬರುವ ಹೊತ್ತಿಗೆ ಸಾಕ್ಷಿಯೇ ಇರುವುದಿಲ್ಲ. ಅದಕ್ಕೆ ನಾನು ನೆರೆಹೊರೆಯವರಿಗೆ ಹೇಳುವುದು, ಉದುರಲು ಶುರುವಾದ ದಿನವೇ ಹೆಕ್ಕಿದ ರಾಶಿಯ ಫೋಟೊ ದಿನಾಂಕ ಸಮೇತ ತೆಗೆದಿಡಿ, ಪಂಚಾಯಿತಿಗೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ ಅಂತ.

ದುಡ್ಡು ಬಂದೂ ಬಾರದ ಹಾಗಾಗುವುದೂ ಉಂಟು. ನಮ್ಮ ಕೇರಿಯ ಅಜ್ಜಿಯೊಬ್ಬರು ಪರಿಹಾರವೇ ಬಂದಿಲ್ಲ ಅಂತ ಒಂದು ಮಳೆಗಾಲವಿಡೀ ಬೇಸರ ಮಾಡಿಕೊಂಡಿದ್ದರು. ಆಧಾರ್ ಮೂಲಕ ಬರುವ ಹಣ ನಾವು ದಿನವೂ ಹೋಗುವ ಬ್ಯಾಂಕಿಗೆ ಬರಬೇಕೆಂದಿಲ್ಲ. ಕೊನೆಯ ಸಲ ಯಾವ ಖಾತೆಗೆ ಆಧಾರ್ ಜೋಡಿಸಿದ್ದೇವೋ ಅಲ್ಲಿಗೆ ಹೋಗುತ್ತದೆ. ಅವರು ಮಗಳ ಮನೆಗೆ ಹೋಗಿದ್ದಾಗ ಅಲ್ಲೊಂದು ಖಾತೆ ತೆರೆದಿದ್ದರು, ಮರೆತೂ ಬಿಟ್ಟಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗ ಹುಡುಕಿಕೊಟ್ಟ. ದುಡ್ಡು ಅಲ್ಲಿ ಬೆಚ್ಚಗೆ ಕೂತಿತ್ತು.

ವಿಮೆಯದು ಬೇರೆಯೇ ದಾರಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಶೇ 5. ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ಕಂತು 6,400. ನಮ್ಮ 30 ಗುಂಟೆಗೆ ಎರಡು ಸಾವಿರದೊಳಗೆ. ಇಲ್ಲಿ ತೋಟ ನೋಡಲು ಯಾರೂ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ಏನು ಹೇಳುತ್ತದೋ ಅದೇ ತೀರ್ಪು. ಒಂದು ಗುಡ್ಡದ ಆಚೆ ಹೊಯ್ಯುವ ಮಳೆ ಈಚೆ ಇರದ ಊರು ನಮ್ಮದು, ಆದ್ದರಿಂದ ಮಳೆಮಾಪಕ ಎಲ್ಲಿ ನಿಂತಿದೆ, ಸರಿಯಿದೆಯೇ ಅಂತ ಊರವರು ಕಣ್ಣಿಟ್ಟಿರಬೇಕು. ಆದರೂ ಕಂತು ಕಟ್ಟುವ ಕೊನೆಯ ದಿನ ತಪ್ಪಿಸಬೇಡಿ ಅನ್ನುತ್ತೇನೆ ನಾನು.

ಮಣ್ಣೇ ಹೋದರೆ? 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ಗದ್ದೆ ತೋಟಗಳ ಮೇಲೆ ಮಣ್ಣು ಹೇರಿಕೊಂಡಿತು. ಆಗಿನ ಮಾರ್ಗಸೂಚಿಯಲ್ಲಿ ಹೂಳು ತೆಗೆಯಲು ಹೆಕ್ಟೇರಿಗೆ 12,200, ಜಮೀನೇ ಕೊಚ್ಚಿಹೋದರೆ 37,500. ಅದೂ ಸಣ್ಣ, ಅತಿಸಣ್ಣ ರೈತರಿಗೆ. ಈಗ 18,000 ಮತ್ತು 47,000 ಆಗಿದೆ. ಜೆಸಿಬಿ ಬಾಡಿಗೆ ಕೊಟ್ಟವರಿಗೆ ಇದು ಎಷ್ಟು ಗಂಟೆಗೆ ಸಾಕು ಅಂತ ಗೊತ್ತು. ಮಣ್ಣು ತೆಗೆದು ಅಡಿಕೆ ಸಸಿ ನೆಟ್ಟರೂ ಫಸಲು ನೋಡಲು ಐದಾರು ವರ್ಷ ಕಾಯಬೇಕು. ಆ ಐದಾರು ವರ್ಷಕ್ಕೆ ಯಾವ ಪಟ್ಟಿಯಲ್ಲೂ ಕಲಂ ಇಲ್ಲ.

ಇನ್ನು ಪಹಣಿಯೇ ಇಲ್ಲದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಂಚಿನಲ್ಲಿ ತೋಟ ಮಾಡಿಕೊಂಡಿವೆ. ಆಗ ಬಂದ ಮಕ್ಕಳು ಈಗ ಅಜ್ಜಂದಿರು. ಹಲವರಿಗೆ ಇನ್ನೂ ಹಕ್ಕುಪತ್ರ ಸಿಕ್ಕಿಲ್ಲ. ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರದೂ ಇದೇ ಕತೆ. ಬೇಲಿಯ ಆಚೆಗೂ ಈಚೆಗೂ ಒಂದೇ ಮಳೆ, ಒಂದೇ ಕೊಳೆ. ಒಬ್ಬನಿಗೆ ಮೆಸೇಜು ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಗದ್ದೆ ಗೇಣಿಗೆ ಮಾಡುವವನದೂ ಅಷ್ಟೆ. ಬಿತ್ತಿದವನು ಅವನು, ದುಡ್ಡು ಪಹಣಿಯವನಿಗೆ. ಗುಣವಂತ ಒಡೆಯರು ಅದನ್ನು ಅವನ ಕೈಗೆ ಕೊಟ್ಟದ್ದನ್ನೂ ನೋಡಿದ್ದೇನೆ, ಕೊಡದವರನ್ನೂ ನೋಡಿದ್ದೇನೆ.

ಪಹಣಿ ಇದ್ದೂ ಇಲ್ಲದವರು ಇನ್ನೊಂದು ಬಗೆ. ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡ ತೀರಿಕೊಂಡ ಮೇಲೆ ಒಂದು ಎಕರೆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ. ಹಾಳೆ ಹೆಕ್ಕುವುದರಿಂದ ಹಿಡಿದು ಕೊನೆಗಾರನನ್ನು ಹುಡುಕಿ ತರುವವರೆಗೆ ಎಲ್ಲ ಅವಳದೇ. ಆದರೆ ಪಹಣಿಯಲ್ಲಿರುವುದು ಎಂದೋ ತೀರಿಕೊಂಡ ಮಾವನ ಹೆಸರು. ಸತ್ತವರಿಗೆ ಆಧಾರ್ ಇಲ್ಲ, ಫ್ರೂಟ್ಸ್ ಸಂಖ್ಯೆ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ, ವಿಮೆಯೂ ಇಲ್ಲ. ನನ್ನ ವಯಸ್ಸಿನವರಿಗೆ ಕೈಮುಗಿದು ಹೇಳುತ್ತೇನೆ, ನಾವು ಬದುಕಿರುವಾಗಲೇ ಅಪ್ಪನ ಹೆಸರಲ್ಲಿ ಉಳಿದದ್ದನ್ನು ಪೌತಿ ಖಾತೆ ಮಾಡಿಸಿಕೊಳ್ಳೋಣ. ಕಂದಾಯ ಇಲಾಖೆ ಈಚೆಗೆ ಇ-ಪೌತಿ ಅಭಿಯಾನವನ್ನೇ ಮಾಡುತ್ತಿದೆ. ಮರಣ ಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇದ್ದರೆ ಆಗುವ ಕೆಲಸ ಅದು.

ಆ ವಂಶವೃಕ್ಷವನ್ನು ಬರೆದದ್ದು ನನ್ನ ಮೊಮ್ಮಗಳು. ಶಾಲೆಯಲ್ಲಿ ಕಲಿತ ಹಾಗೆ ಸ್ಕೇಲಿಟ್ಟು ಗೆರೆ ಎಳೆದು, ಮಾವನ ಹೆಸರು ಮೇಲೆ, ನಾಲ್ಕು ಮಕ್ಕಳ ಹೆಸರು ಕೆಳಗೆ. ತೀರಿಕೊಂಡವನ ಕೆಳಗೆ ಹೆಂಡತಿ, ಇಬ್ಬರು ಮಕ್ಕಳು. ಕಚೇರಿಯ ನಮೂನೆಗೆ ಅದನ್ನು ನಾನು ಇಳಿಸಿದೆ. ನಾದಿನಿಯರಿಬ್ಬರೂ ಬಂದು ಒಪ್ಪಿಗೆ ಕೊಟ್ಟು, ಊಟ ಮಾಡಿಕೊಂಡು ಹೋದರು. ಬೆಂಗಳೂರಿನಲ್ಲಿರುವ ಮೈದುನನದೊಂದು ಬಾಕಿಯಿದೆ. ದೀಪಾವಳಿಗೆ ಊರಿಗೆ ಬರುತ್ತೇನೆ ಅಂದಿದ್ದಾನೆ.